ವಾಪಸ್ ಕೊಡಬೇಕಾದ ಡಬ್ಬ

ಗೋಡೆಯೊಳಗೆ ಕೂತು ದುಡ್ಡು ಎಣಿಸಿ ಕೊಡುವ ಯಂತ್ರವನ್ನು ಗಂಗಾಂಬಿಕೆ ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ. ಆದರೂ ಅದರ ಮೇಲೆ ಅವಳಿಗಿದ್ದ ಸಿಟ್ಟು ಇಡೀ ಜಯಪುರಕ್ಕೆ ಗೊತ್ತಿತ್ತು. ಹೈಸ್ಕೂಲಿನಲ್ಲಿ ಗುಮಾಸ್ತನಾಗಿದ್ದ ಗಂಡ ರೇಣುಕಪ್ಪನ ಸಂಬಳ ಇಪ್ಪತ್ತೊಂದು ವರ್ಷ ಕಂದು ಲಕೋಟೆಯಲ್ಲಿ ಹೆಡ್‌ಮಾಸ್ಟರ ಕೈಯಿಂದ ಅವನ ಕೈಗೆ, ಅವನ ಕೈಯಿಂದ ಹತ್ತೇ ನಿಮಿಷದಲ್ಲಿ ಇವಳ ಕೈಗೆ ಬರುತ್ತಿತ್ತು. (ಹತ್ತು ನಿಮಿಷ ಶಾಲೆಯಿಂದ ಮನೆಗೆ ನಡೆಯಲು. ಹನ್ನೊಂದನೆಯ ನಿಮಿಷಕ್ಕೆ ವಿಚಾರಣೆ ಶುರುವಾಗುತ್ತಿತ್ತು.) ಈ ವರ್ಷದಿಂದ ಸಂಬಳ ಸೀದಾ ಬ್ಯಾಂಕಿಗೆ ಹೋಗತೊಡಗಿತು. ರೇಣುಕಪ್ಪನಿಗೆ ಒಂದು ಎಟಿಎಂ ಕಾರ್ಡು ಬಂತು. ಊರಿನ ಬ್ರಾಂಚಿನಲ್ಲಿ ಅದನ್ನು ತೂರಿಸುವ ಯಂತ್ರವಿರಲಿಲ್ಲ, ಇದ್ದದ್ದು ಕೊಪ್ಪದಲ್ಲಿ.

"ದುಡ್ಡು ಅಲ್ಲೇ ಇರ್ಲಿ ಗಂಗಾ. ಬೇಕಾದಾಗ ಬೇಕಾದಷ್ಟೇ ತೆಗೆದ್ರಾಯ್ತು. ಅದೇ ಸೇಫು," ಎಂದ ರೇಣುಕಪ್ಪ.

"ಬೇಕಾಗೋದು ಯಾರಿಗೆ? ಮನೆಗಾ, ನಿಮ್ಮ ಹೋಟ್ಲು ಗೋಳಿಬಜೆಗಾ? ಎಂತ ಸೇಫು ಮಾರಾಯ್ರೆ! ಕರೆಂಟು ಹೋದ್ರೆ ಕಣ್ಣು ಮುಚ್ಚೋ ಮಿಶನ್ನು ಅದು. ನನ್ನ ಡಬ್ಬಕ್ಕೆ ಕರೆಂಟು ಬೇಡ, ಕೀಲಿ ಬೇಡ, ಮುಚ್ಚಳ ತೆಗೆದ್ರೆ ದುಡ್ಡು!"

ಹೀಗೆ ಮನೆಯಲ್ಲಿ ಒಂದು ರಾಜಾಜ್ಞೆ ಹೊರಟಿತು. ಸಂಬಳ ಬಿದ್ದ ದಿನವೇ ರೇಣುಕಪ್ಪ ಕೊಪ್ಪದ ಬಸ್ಸು ಹತ್ತಿ ಅಷ್ಟನ್ನೂ ಬಳಿದುಕೊಂಡು ಬರಬೇಕು. ತಂದ ದುಡ್ಡು ಅಡುಗೆಮನೆಯ ಡಬ್ಬಗಳಿಗೆ ಹಂಚಿಕೆಯಾಗುತ್ತಿತ್ತು. ಗ್ಯಾಸಿನದು ತೊಗರಿಬೇಳೆಯಲ್ಲಿ, ಹಾಲಿನದು ಕಡಲೆಬೇಳೆಯಲ್ಲಿ, ಡಾಕ್ಟರದು ಮೆಂತ್ಯದಲ್ಲಿ. (ಎರಡೂ ಕಹಿ ಎಂದು.) ಉದ್ದಿನಬೇಳೆಯ ಡಬ್ಬ ಮಾತ್ರ ಪರಮಪವಿತ್ರ. ಅದರಲ್ಲಿದ್ದದ್ದು ರೇಣುಕಪ್ಪನ ಜೀವವಿಮೆಯ ಕಂತು, ಮೂರು ತಿಂಗಳಿಗೊಮ್ಮೆ ಮೂರು ಸಾವಿರದ ಏಳುನೂರ ಐವತ್ತು ರೂಪಾಯಿ. ಹದಿನಾರು ವರ್ಷ ಕಟ್ಟಿಯಾಗಿತ್ತು. ಇನ್ನೆರಡು ವರ್ಷ ಕಟ್ಟಿದರೆ ಮಗಳು ದಿವ್ಯಳ ಓದು ಮುಗಿಯುವ ಹೊತ್ತಿಗೆ ಇಡಿಗಂಟು ಕೈಗೆ ಬರುತ್ತಿತ್ತು. ನಡುವೆ ಕಂತು ತಪ್ಪಿದರೆ ಪಾಲಿಸಿ ಮಲಗಿಬಿಡುತ್ತದೆ, ಮತ್ತೆ ಎಬ್ಬಿಸಲು ದಂಡ, ಬಡ್ಡಿ, ಮೇಲೆ ಡಾಕ್ಟರ ಸರ್ಟಿಫಿಕೇಟು ಬೇಕು ಎಂದು ಏಜೆಂಟ್ ಹೆದರಿಸಿದ್ದ. ಬೆಳಗ್ಗೆ ಒಂದು, ಸಂಜೆ ಒಂದು ಬಿಪಿ ಮಾತ್ರೆ ನುಂಗುವ ರೇಣುಕಪ್ಪನಿಗೆ ಯಾವ ಡಾಕ್ಟರು ಸರ್ಟಿಫಿಕೇಟು ಬರೆದಾನು? ಹಾಗಾಗಿ ಅವಳು ಸಕ್ಕರೆ ಇಲ್ಲದ ಕಾಫಿ ಕುಡಿದರೂ ಉದ್ದಿನ ಡಬ್ಬಕ್ಕೆ ಕೈ ಹಾಕುತ್ತಿರಲಿಲ್ಲ. ಆದರೆ ಗಡುವಿನ ಕೊನೆಯ ದಿನದವರೆಗೆ ಕಟ್ಟುತ್ತಲೂ ಇರಲಿಲ್ಲ. "ಒಂದು ತಿಂಗ್ಳು ಟೈಮು ಅವ್ರೇ ಕೊಟ್ಟಿರೋವಾಗ ಮೊದಲೇ ಹೋಗಿ ಕೊಟ್ಟು ಬರೋಕೆ ನಮಗೆಂತ ಹುಚ್ಚಾ?" ಎನ್ನುವುದು ಅವಳ ಅರ್ಥಶಾಸ್ತ್ರ.

ಈ ಸಲ ಗಡುವು ತಿಂಗಳ ಮೂವತ್ತಕ್ಕಿತ್ತು. ಇಪ್ಪತ್ತನೇ ತಾರೀಕು ಹಿಂದಿನ ಬೀದಿಯ ಯಲ್ಲಕ್ಕನ ಮನೆಗೆ ಕಳ್ಳ ನುಗ್ಗಿದ. ಬೀರು ಮುಟ್ಟಲಿಲ್ಲ, ಪೆಟ್ಟಿಗೆ ಮುಟ್ಟಲಿಲ್ಲ. ನೆಟ್ಟಗೆ ಅಡುಗೆಮನೆಗೆ ಹೋಗಿ ಬೇಳೆ ಡಬ್ಬಗಳನ್ನೆಲ್ಲ ಕವುಚಿ ಹಾಕಿ ಎರಡು ಸಾವಿರ ಹೊಡೆದುಕೊಂಡು ಹೋದ.

"ಕೇಳಿದ್ಯಾ? ಕಳ್ಳರಿಗೂ ಗೊತ್ತುಂಟು ಹೆಂಗಸರ ಬ್ಯಾಂಕು ಎಲ್ಲಿ ಅಂತ," ಎಂದು ರೇಣುಕಪ್ಪ ಹಲ್ಲು ಕಿರಿದ. "ಕಂತಿನ ದುಡ್ಡು ಇತ್ಲಾಗೆ ಕೊಡು. ಬ್ಯಾಂಕಲ್ಲಿ ಹಾಕಿಡ್ತೀನಿ."

ಆ ಹಲ್ಲು ಕಿರಿಯದಿದ್ದರೆ ಬಹುಶಃ ಕೊಟ್ಟೇಬಿಡುತ್ತಿದ್ದಳು. ಈಗ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಳು.

"ಕೊಡಲ್ಲ! ಇಪ್ಪತ್ತೊಂದು ವರ್ಷದಲ್ಲಿ ನನ್ನ ಕೈಯಿಂದ ಒಂದು ರೂಪಾಯಿ ಕಳೆದದ್ದು ಉಂಟಾ? ಕಳೆದ ದಿನ ಈ ಬೀಗದ ಕೈ ಗೊಂಚಲು ನಿಮ್ಮ ಸೊಂಟಕ್ಕೆ ನಾನೇ ಸಿಕ್ಕಿಸ್ತೀನಿ. ಆಮೇಲೆ ನಿಮ್ಮ ಮಿಶನ್ನು ಉಂಟು, ನೀವುಂಟು!"

"ಮಾತು ಅಂದ್ರೆ ಮಾತೇ ಅಲ್ದಾ?"

"ಮಾತೇ."

ಪ್ರತಿಜ್ಞೆ ಮಾಡಿದ್ದಾಯಿತು. ಇನ್ನು ದುಡ್ಡಿಡಲು ಜಾಗ ಬೇಕಿತ್ತು. ಅಕ್ಕಿ ಡ್ರಮ್ಮು, ಹಾಸಿಗೆ, ದೇವರ ಪಟದ ಹಿಂಭಾಗ ಎಲ್ಲವನ್ನೂ ಕಳ್ಳನ ಕಣ್ಣಿನಿಂದ ನೋಡಿ ನೋಡಿ ತಳ್ಳಿಹಾಕಿದಳು. ಕಡೆಗೆ ಬಾಗಿಲ ಪಕ್ಕದ ಗೂಡಿನ ಮೇಲೆ ಕಣ್ಣು ಬಿತ್ತು. ಅಲ್ಲಿ ಶಕೀಲಾಳ ಸ್ಟೀಲ್ ಡಬ್ಬ ಕೂತಿತ್ತು.

ಶಕೀಲಾ ಪಕ್ಕದ ಮನೆಯವಳು, ಬಸ್‌ಸ್ಟ್ಯಾಂಡಿನ ಚಪ್ಪಲಿ ಅಂಗಡಿಯ ಅತಾವುಲ್ಲಾನ ಹೆಂಡತಿ. ಈ ಎರಡು ಮನೆಗಳ ನಡುವೆ ಡಬ್ಬಗಳು ಬೇಲಿ ದಾಟಿ ಓಡಾಡುತ್ತಲೇ ಇರುತ್ತಿದ್ದವು. ಅಲ್ಲಿಂದ ಖರ್ಜೂರ ಬಂದರೆ ಇಲ್ಲಿಂದ ಚಕ್ಕುಲಿ ಹೋಗಬೇಕು. ಡಬ್ಬವನ್ನು ಖಾಲಿ ವಾಪಸ್ ಕೊಡುವ ಮಾನಗೇಡಿ ಕೆಲಸವನ್ನು ಎರಡೂ ಮನೆಯವರು ಈವರೆಗೆ ಮಾಡಿರಲಿಲ್ಲ. ತುಂಬಿಸಲು ಏನೂ ಇಲ್ಲದಾಗ ಡಬ್ಬ ಗೂಡಿನಲ್ಲಿ ವಾರಗಟ್ಟಲೆ ಕಾಯುತ್ತಿತ್ತು, ಯಾರೂ ಕೇಳುತ್ತಿರಲಿಲ್ಲ. (ಯುಗಾದಿಗೆ ಹೋಳಿಗೆ ತುಂಬಿ ಕಳಿಸಿದ್ದ ತನ್ನ ನೀಲಿ ಮುಚ್ಚಳದ ಡಬ್ಬ ಆರು ತಿಂಗಳಾದರೂ ಶಕೀಲಾಳ ಮನೆಯಿಂದ ಬಂದಿಲ್ಲವೆಂದು ಗಂಗಾಂಬಿಕೆಗೆ ಒಳಗೊಳಗೇ ಉರಿ ಇತ್ತು. ಆದರೆ ಅದನ್ನು ಬಾಯಿಬಿಟ್ಟು ಕೇಳುವುದೂ ಮಾನಗೇಡಿ ಕೆಲಸವೇ.)

ಅವಳ ತಲೆಯಲ್ಲಿ ದೀಪ ಹತ್ತಿಕೊಂಡಿತು. ಕಳ್ಳ ಹುಡುಕುವುದು ಈ ಮನೆಯ ಡಬ್ಬವನ್ನು. ವಾಪಸ್ ಕೊಡಬೇಕೆಂದು ಬಾಗಿಲಲ್ಲಿಟ್ಟ ಬೇರೆಯವರ ಖಾಲಿ ಡಬ್ಬವನ್ನು ಯಾವ ಕಳ್ಳ ಮುಟ್ಟುತ್ತಾನೆ? ನೋಟುಗಳನ್ನು ಡಬ್ಬದ ತಳಕ್ಕೆ ಹಾಸಿ, ಮೇಲೆ ದುಂಡಗೆ ಕತ್ತರಿಸಿದ ಪೇಪರು ಒತ್ತಿ, ಮುಚ್ಚಳ ಹಾಕಿದಳು. ಆ ದಿನ ಅವಳ ನಡಿಗೆಯೇ ಬೇರೆಯಾಗಿತ್ತು.

ಎಂಟು ದಿನ ಎಲ್ಲವೂ ಭದ್ರ. ಇಪ್ಪತ್ತೆಂಟರ ಮಧ್ಯಾಹ್ನ ಕೋಡುಬಳೆ ಕರಿದು ತಟ್ಟೆಯಲ್ಲಿ ಆರಲು ಬಿಟ್ಟು ಹಿಟ್ಟಿನ ಗಿರಣಿಗೆ ಹೋಗಿ ಬಂದಳು. ಗೂಡು ಖಾಲಿ.

"ಇಲ್ಲಿದ್ದ ಡಬ್ಬ ಎಲ್ಲಿ?"

ಶಾಲೆಯಿಂದ ಬೇಗ ಬಂದಿದ್ದ ರೇಣುಕಪ್ಪ ಎದೆಯುಬ್ಬಿಸಿದ. "ಪಾಪ, ಎಷ್ಟು ದಿನದಿಂದ ಬಿದ್ದಿತ್ತು! ಕೋಡುಬಳೆ ತುಂಬ್ಸಿ ಶಕೀಲಾಗೆ ಕೊಟ್ಟು ಬಂದೆ. ಒಳಗೆ ನೀನೇ ಪೇಪರ್ ಹಾಸಿ ರೆಡಿ ಮಾಡಿದ್ಯಲ್ಲ. ಇಪ್ಪತ್ತೊಂದು ವರ್ಷದಲ್ಲಿ ನಾನೂ ಒಂದು ಮನೆಗೆಲಸ ಮಾಡಿದೆ ಅಂತ ಬರ್ಕೋ!"

ಗಂಗಾಂಬಿಕೆ ಬಾಯಿ ತೆರೆದಳು. ಬಯ್ಯೋಣವೆಂದರೆ ಬೀಗದ ಕೈ ಗೊಂಚಲು ಸೊಂಟದಲ್ಲಿ ಜಣಜಣ ಎಂದಿತು. "ಒಳ್ಳೇದು ಮಾಡಿದ್ರಿ," ಎಂದು ಹೇಳಿ ಹಿಟ್ಟಿನ ಚೀಲ ಅಲ್ಲೇ ಬಿಟ್ಟು ಪಕ್ಕದ ಮನೆಗೆ ಓಡಿದಳು. ಬೀಗ! ಅಲ್ಲಿಂದ ಬಸ್‌ಸ್ಟ್ಯಾಂಡಿಗೆ ಓಡಿದಳು.

"ಶಕೀಲಾ ಈಗಷ್ಟೇ ನಾಲ್ಕು ಗಂಟೆ ಬಸ್ಸಿಗೆ ಎನ್.ಆರ್.ಪುರಕ್ಕೆ ಹೋದ್ಳು ಅಕ್ಕ, ತಾಯಿ ಮನೆಗೆ," ಎಂದ ಅತಾವುಲ್ಲಾ. "ನಿಮ್ಮ ಕೋಡುಬಳೆ ಅಂದ್ರೆ ಅವ್ಳ ತಾಯಿಗೆ ಪ್ರಾಣ. ಡಬ್ಬ ಹಾಗೇ ಎತ್ಕೊಂಡು ಹೋದ್ಳು. ನಾಳೆ ಸಂಜೆ ಬರ್ತಾಳೆ. ಅರ್ಜೆಂಟಾ? ಫೋನ್ ಮಾಡ್ಲಾ?"

ಮಾಡಿ ಎನ್ನಬಹುದಿತ್ತು. ಆದರೆ ಅತಾವುಲ್ಲಾನಿಗೆ ಹೇಳಿದರೆ ಸಂಜೆಯ ಕಾಫಿಗೆ ಮೊದಲೇ ಅದು ರೇಣುಕಪ್ಪನ ಕಿವಿಯಲ್ಲಿ. "ಬೇಡ ಬೇಡ," ಎಂದಳು ತಲೆ ಎತ್ತಿ, "ಕೋಡುಬಳೆ ಗರಿಗರಿ ಆಗಿದ್ಯಾ ಅಂತ ಕೇಳೋಕೆ ಬಂದೆ ಅಷ್ಟೆ."

ಒಂದು ಕಿಲೋಮೀಟರು ಓಡಿ ಬಂದು ಕೋಡುಬಳೆಯ ಗರಿಗರಿ ವಿಚಾರಿಸಿದ ಹೆಂಗಸನ್ನು ಅತಾವುಲ್ಲಾ ಭಕ್ತಿಯಿಂದ ನೋಡಿದ.

ನಾಳೆ ಸಂಜೆ ಶಕೀಲಾ ಬರುವುದನ್ನು ನಂಬಿ ಕೂರುವುದು ಹೇಗೆ? ಅಲ್ಲಿನ ಮಕ್ಕಳು ತಳದ ಪೇಪರು ಕಿತ್ತರೆ? ಡಬ್ಬ ತೊಳೆಯಲು ನೀರಿಗೆ ಹಾಕಿದರೆ? ಸೋಲುವುದಕ್ಕಂತೂ ಗಂಗಾಂಬಿಕೆ ಹುಟ್ಟಿರಲಿಲ್ಲ. ತುಟ್ಟಿಭತ್ಯೆಯ ಹಳೆ ಬಾಕಿ ನಾಲ್ಕು ಸಾವಿರ ಮೊನ್ನೆ ಬ್ಯಾಂಕಿಗೆ ಬಿದ್ದಿದೆಯೆಂದು ಗಂಡ ಅಂದಿದ್ದ. ಇಪ್ಪತ್ತೊಂಬತ್ತರ ಬೆಳಗ್ಗೆ ಅವನು ಶಾಲೆಗೆ ಹೋದದ್ದೇ ತಡ, ಗೂಟದಲ್ಲಿ ತೂಗುತ್ತಿದ್ದ ಶರಟಿನ ಜೇಬಿನಿಂದ ಕಾರ್ಡು ಎತ್ತಿಕೊಂಡು ಕೊಪ್ಪದ ಬಸ್ಸು ಹತ್ತಿದಳು. ದುಡ್ಡು ತೆಗೆದು ಇವತ್ತೇ ಕಂತು ಕಟ್ಟಿ, ನಾಳೆ ಶಕೀಲಾಳ ಡಬ್ಬದ ದುಡ್ಡು ಬ್ಯಾಂಕಿಗೆ ಹಾಕಿಬಿಟ್ಟರೆ ನರಪಿಳ್ಳೆಗೂ ತಿಳಿಯುವುದಿಲ್ಲ.

ಗಾಜಿನ ಕೋಣೆಯಲ್ಲಿ ಶತ್ರುವಿನ ಎದುರು ನಿಂತಳು. ಹೊರಗಿದ್ದ ಕಾವಲುಗಾರ ಕಾರ್ಡು ಹಾಕುವುದನ್ನು ತೋರಿಸಿಕೊಟ್ಟು, "ಇನ್ನು ಗುಟ್ಟಿನ ನಂಬರು ಒತ್ತಿ ಅಮ್ಮ," ಎಂದು ಹೊರಹೋದ. ಗುಟ್ಟಿನ ನಂಬರೇ! ಅವಳಿಗೆ ಗೊತ್ತಿಲ್ಲದ ಗುಟ್ಟೊಂದು ಗಂಡನ ಬಳಿ ಇದೆಯೆಂಬುದೇ ಮೊದಲ ಪೆಟ್ಟು. ಮದುವೆಯಾದ ವರ್ಷ ಒತ್ತಿದಳು. ತಪ್ಪು ಎಂದಿತು. ದಿವ್ಯ ಹುಟ್ಟಿದ ವರ್ಷ ಒತ್ತಿದಳು. ತಪ್ಪು. ಸ್ವಲ್ಪ ನಾಚಿಕೊಂಡು ತಾನು ಹುಟ್ಟಿದ ವರ್ಷ ಸಾವಿರದ ಒಂಬೈನೂರ ಅರವತ್ತೆರಡು ಒತ್ತಿದಳು. ಯಂತ್ರ ಒಂದು ಸಲ ಗೊರ್ ಎಂದು ಸುಮ್ಮನಾಯಿತು. ಕಾರ್ಡು ಹೊರಗೆ ಬರಲೇ ಇಲ್ಲ.

"ನುಂಗ್ತು ಅಮ್ಮ," ಎಂದ ಕಾವಲುಗಾರ. "ಇನ್ನು ಬ್ಯಾಂಕಿನವ್ರೇ ತೆಗೀಬೇಕು. ಇವತ್ತು ಮಿಶನ್ನು ಬಿಚ್ಚೋರು ಇಲ್ಲ, ನಾಳೆ ಅವ್ರಿಗೆ ಸ್ಟ್ರೈಕು."

ಸಂಜೆ ಮನೆಗೆ ಬಂದಾಗ ರೇಣುಕಪ್ಪ ಜಗಲಿಯಲ್ಲಿ ಕಾಲಾಡಿಸುತ್ತ ಕೂತಿದ್ದ. ಮುಖ ಮದುಮಗನ ಹಾಗೆ ಹೊಳೆಯುತ್ತಿತ್ತು.

"ಬಾ ಗಂಗಾ, ಬಾ. ಕೋಡುಬಳೆಗೆ ಬೇರೆಯವ್ರು ಎಳ್ಳು ಹಾಕ್ತಾರೆ. ನೀನು ಐನೂರರ ನೋಟು ಹಾಕ್ತೀಯ ಅಂತ ಗೊತ್ತಿರ್ಲಿಲ್ಲ."

ಶಕೀಲಾ ಬೆಳಗ್ಗೆಯೇ ಎನ್.ಆರ್.ಪುರದಿಂದ ಗಂಡನಿಗೆ ಫೋನು ಮಾಡಿದ್ದಳು. ಅವಳು ದುಡ್ಡು ತರುವವರೆಗೆ ಕಾಯುವುದು ಬೇಡವೆಂದು ಅತಾವುಲ್ಲಾ ಅಂಗಡಿಯ ಗಲ್ಲಾದಿಂದ ಅಷ್ಟೇ ದುಡ್ಡು ತೆಗೆದು ಶಾಲೆಗೇ ತಂದುಕೊಟ್ಟಿದ್ದ.

"ಹೂಂ, ಗೊಂಚಲು ಇತ್ಲಾಗೆ ಬರ್ಲಿ," ಎಂದು ರೇಣುಕಪ್ಪ ಕೈಚಾಚಿದ.

"ಎಂತಕ್ಕೆ? ಕಳೆದ್ರೆ ಕೊಡ್ತೀನಿ ಅಂದದ್ದು. ಎಲ್ಲಿ ಕಳೆದಿದೆ? ಪೂರ್ತಿ ಬಂತಲ್ಲ! ಇತ್ಲಾಗೆ ಕೊಡಿ ದುಡ್ಡು, ನಾಳೆ ಕಂತು ಕಟ್ಟಬೇಕು."

"ನಿನ್ನ ಕೈಗೆ ಇನ್ನೊಂದ್ಸಲ ಕೊಡೋಕೆ ನನಗೆಂತ ತಲೆ ಕೆಟ್ಟಿದ್ಯಾ? ಮಧ್ಯಾಹ್ನವೇ ನಮ್ಮೂರ ಬ್ರಾಂಚಿಗೆ ಹೋಗಿ ಅಕೌಂಟಿಗೆ ಕಟ್ಟಿಬಿಟ್ಟೆ. ನಾಳೆ ಬ್ಯಾಂಕಿನವ್ರಿಗೆ ಸ್ಟ್ರೈಕು ಅಂತೆ, ಇರ್ಲಿ. ಮಿಶನ್ನಿಗೆ ಸ್ಟ್ರೈಕು ಇಲ್ವಲ್ಲ! ಕೊಪ್ಪದಲ್ಲಿ ಕಾರ್ಡು ಹಾಕ್ತೀನಿ, ದುಡ್ಡು ತೆಗೀತೀನಿ, ಕಂತು ಕಟ್ತೀನಿ. ಇದಕ್ಕೆ ಅನ್ನೋದು ವ್ಯವಹಾರ!"

ಗಂಗಾಂಬಿಕೆ ಜಗಲಿಯ ಮೇಲೆ ಕುಸಿದು ಕೂತಳು. ಹದಿನಾರು ವರ್ಷದ ಕಂತು, ದಿವ್ಯಳ ಓದು, ಬಿಪಿ ಮಾತ್ರೆ ಎಲ್ಲವೂ ಕಣ್ಣೆದುರು ಬಂದವು. ಅವಳಿಗೆ ನಿಜಕ್ಕೂ ಅಳು ಬಂತು. ಕಾರ್ಡಿನ ವಿಷಯ ತಿಳಿದಾಗ ರೇಣುಕಪ್ಪನ ಮುಖದ ಹೊಳಪೂ ಆರಿಹೋಯಿತು.

"ನಂಬರು ನನಗೆ ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದು ಮೂಗು ಒರೆಸಿಕೊಳ್ಳುತ್ತ ಅವಳೇ ಮೇಲೆ ಬಿದ್ದಳು.

"ನೀನು ಹುಟ್ಟಿದ ವರ್ಷವೇ ಮಾರಾಯ್ತಿ! ಸಾವಿರದ ಒಂಬೈನೂರ ಅರವತ್ತೈದು."

ಗಂಗಾಂಬಿಕೆ ನಾಲಿಗೆ ಕಚ್ಚಿಕೊಂಡಳು. ಹೆಣ್ಣು ನೋಡಲು ಬಂದಾಗ ತನ್ನ ಅಪ್ಪ ಹುಡುಗಿಯ ವಯಸ್ಸಿನಲ್ಲಿ ಮೂರು ವರ್ಷ ಕಳೆದಿದ್ದು ಅವಳಿಗೆ ಈಗ ನೆನಪಾಯಿತು. ಆ ವಿಷಯ ಬಾಯಿಬಿಡುವ ಬದಲು ಕಾರ್ಡು ಹೋದದ್ದೇ ಲೇಸೆಂದು ತೀರ್ಮಾನಿಸಿ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡು ಪಕ್ಕದ ಮನೆಯತ್ತ ಹೊರಟಳು. ಅತ್ತರೂ ಸರಿ, ಸಾಲ ಕೇಳುವುದಕ್ಕೂ ಅವಳು ತಲೆ ಎತ್ತಿಕೊಂಡೇ ಹೋಗುವವಳು. ರೇಣುಕಪ್ಪ ಹಿಂದಿನಿಂದ ಸಪ್ಪೆ ಮುಖ ಹಾಕಿಕೊಂಡು ಬಂದ.

ಶಕೀಲಾ ಆಗಷ್ಟೇ ಬಸ್ಸಿಳಿದು ಬಂದು, ತಂದದ್ದನ್ನೆಲ್ಲ ಎತ್ತಿಟ್ಟಿದ್ದಳು. "ಎರಡು ದಿನಕ್ಕೆ ಮೂರು ಸಾವಿರದ ಏಳುನೂರ ಐವತ್ತು ಬೇಕಿತ್ತು ಶಕೀಲಾ," ಎಂದು ಗಂಗಾಂಬಿಕೆ ಹೇಳಿದ್ದೇ ತಡ, ಅವಳು ಒಂದು ಮಾತೂ ಕೇಳದೆ ಬಾಗಿಲ ಪಕ್ಕದ ಗೂಡಿನತ್ತ ಹೋದಳು. ಅಲ್ಲಿಂದ ಒಂದು ಡಬ್ಬ ಇಳಿಸಿದಳು. ನೀಲಿ ಮುಚ್ಚಳದ ಡಬ್ಬ! ಒಳಗೆ ದುಂಡಗೆ ಕತ್ತರಿಸಿದ ಪೇಪರು. ಅದರ ಕೆಳಗೆ ನೋಟುಗಳು. ಮೇಲಿದ್ದ ಏಳು ಐನೂರರ ನೋಟುಗಳಿಗೆ ಎಣ್ಣೆಯ ಕಲೆ ಹತ್ತಿತ್ತು, ಕೋಡುಬಳೆಯ ಘಮ ಇನ್ನೂ ಹೋಗಿರಲಿಲ್ಲ.

"ನಿಮ್ಮದೇ ಡಬ್ಬ ಗಂಗಕ್ಕ, ತಪ್ಪು ತಿಳೀಬೇಡಿ," ಎಂದಳು ಶಕೀಲಾ ಸಂಕೋಚದಿಂದ. "ಬೇರೆಯವ್ರ ಡಬ್ಬ ಕಳ್ಳ ಮುಟ್ಟಲ್ಲ ಅಂತ ಯುಗಾದಿಯಿಂದ ಇದ್ರಲ್ಲೇ ಇಡ್ತಿದೀನಿ. ಅದಕ್ಕೇ ವಾಪಸ್ ಕೊಟ್ಟಿರ್ಲಿಲ್ಲ. ನೀವೂ ಹಾಗೇ ಇಡೋದಲ್ವಾ ಅಕ್ಕ?"

ರೇಣುಕಪ್ಪ ಕೆಮ್ಮಿದ. ಗಂಗಾಂಬಿಕೆ ತನ್ನದೇ ನೋಟುಗಳನ್ನು ಸಾಲವಾಗಿ ಎಣಿಸಿಕೊಂಡು, ಸೆರಗಿನ ತುದಿಗೆ ಗಂಟು ಹಾಕಿ, ಕತ್ತು ನೆಟ್ಟಗೆ ಮಾಡಿದಳು.

"ಛೆ ಛೆ, ಡಬ್ಬದಲ್ಲಿ ಯಾರಾದ್ರೂ ಇಡ್ತಾರಾ ಶಕೀಲಾ? ಅದು ಏನೋ ಮರೆತು ಉಳಿದದ್ದು. ನಾವೀಗ ದುಡ್ಡೆಲ್ಲ ಬ್ಯಾಂಕಲ್ಲೇ ಇಡೋದು," ಎಂದಳು. "ಕಾರ್ಡು ಸಮೇತ."