ಐದೂಮುಕ್ಕಾಲರ ಧೈರ್ಯ

"ಇನ್ನು ಇಪ್ಪತ್ತೊಂದೇ ದಿನ. ಆಮೇಲೆ ಈ ಮನೆಯಲ್ಲಿ ಹುಲಿ ಓಡಾಡುತ್ತೆ, ನೋಡ್ತಿರು!" ಎಂದು ಸರಿನಾರಾಯರು ಬುಧವಾರದ ಪೇಪರ್ ಮಡಿಸಿ, ಮೀಸೆಯ ಮೇಲೆ ಕೈಯಾಡಿಸಿ ಘೋಷಿಸಿದರು.

"ಓಡಾಡಲಿ. ಒರೆಸಿದ ನೆಲ ಒಣಗಿದ ಮೇಲೆ ಓಡಾಡಲಿ," ಎಂದಳು ಹೆಂಡತಿ, ತರಕಾರಿ ಹೆಚ್ಚುತ್ತಲೇ.

ಸರಿನಾರಾಯರು ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಕಾರ್ಖಾನೆಯವರು ಕೊಟ್ಟ ಬಿರುದು. ಅಂಗಿ ಹೊಲಿಯುವ ಆ ಕಾರ್ಖಾನೆಯಲ್ಲಿ ಅವರು ಹದಿನೆಂಟು ವರ್ಷದಿಂದ ಕಟಿಂಗ್ ಮಾಸ್ಟರ್‌ಗೆ ಸಹಾಯಕ. ಮೇಜಿನ ಮೇಲೆ ಬಟ್ಟೆ ಹಾಸಿ, ಅಂಚಿಗೆ ಅಂಚು ಕೂಡಿಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದರೆ ಕೂದಲೆಳೆಯಷ್ಟೂ ಆಚೀಚೆ ಆಗದು. ಆದರೆ ಕತ್ತರಿ ಕೈಗೆ ಬಂತೋ, ಮುಗಿಯಿತು. "ಸರಿನಾ?" ಎಂದು ಮಾಸ್ಟರನ್ನು ಕೇಳುವರು. ಗುಂಡಿ ಹಾಕುವವಳನ್ನು ಕೇಳುವರು. ಇಸ್ತ್ರಿಯವನನ್ನು ಕೇಳುವರು. ಯಾರೂ ಸಿಗದಿದ್ದರೆ ಗೋಡೆ ಗಡಿಯಾರದ ಮುಖ ನೋಡುವರು. ಅಷ್ಟರಲ್ಲಿ ಮಾಸ್ಟರ್‌ಗೆ ತಲೆ ಕೆಟ್ಟು, ಕತ್ತರಿ ಕಿತ್ತುಕೊಂಡು ತಾವೇ ಕತ್ತರಿಸಿ ಮುಗಿಸುತ್ತಿದ್ದರು.

ಈಗ ಆ ಮಾಸ್ಟರ್ ಕೆಲಸ ಬಿಡುತ್ತಿದ್ದರು. ಅವರ ದೊಡ್ಡ ಕತ್ತರಿಯನ್ನು ಕಾರ್ಖಾನೆಯ ಯಜಮಾನಿ ತಮ್ಮ ಕುರ್ಚಿಯ ಹಿಂದಿನ ಮೊಳೆಗೆ ನೇತುಹಾಕಿ, ಒಂದನೇ ತಾರೀಖು ಬೆಳಿಗ್ಗೆ ಯಾರಿಗೆ ಧೈರ್ಯವಿದೆಯೋ ಅವರೇ ಬಂದು ಕೇಳಿ ತೆಗೆದುಕೊಳ್ಳಲಿ, ಮಾಸ್ಟರ್ ಜಾಗವೂ ಅವರದೇ, ತಾವಾಗಿ ಯಾರನ್ನೂ ಕರೆಯುವುದಿಲ್ಲ ಎಂದುಬಿಟ್ಟಿದ್ದರು. ರಾಯರಿಗೆ ಆ ಕತ್ತರಿ ಬೇಕಿತ್ತು. ಅದಕ್ಕೆ ಕಾರಣ ಒಂಬತ್ತು ವರ್ಷದ ಮಗಳು. ಶಾಲೆಯಲ್ಲಿ 'ನನ್ನ ತಂದೆಯ ಕೆಲಸ' ಎಂಬ ಪ್ರಬಂಧಕ್ಕೆ ಅವಳು ಮೊದಲ ಸಾಲು ಹೀಗೆ ಬರೆದಿದ್ದಳು: 'ನಮ್ಮ ಅಪ್ಪ ಬಟ್ಟೆ ಕತ್ತರಿಸುವವರ ಪಕ್ಕದಲ್ಲಿ ನಿಂತಿರುತ್ತಾರೆ.' ಸುಳ್ಳೇನೂ ಅಲ್ಲ. ಅದಕ್ಕೇ ರಾಯರು ಅಂದು ಅರ್ಧ ಊಟಕ್ಕೇ ತಟ್ಟೆ ಬಿಟ್ಟು ಎದ್ದರು.

ಪೇಪರಿನ ಪಂಡಿತರ ಪ್ರಕಾರ ಆತ್ಮವಿಶ್ವಾಸ ಒಂದೇ ದಿನಕ್ಕೆ ಬರುವ ನೆಂಟನಲ್ಲ. ಸಣ್ಣ ಸಣ್ಣ ಅಭ್ಯಾಸ ಇಟ್ಟುಕೊಳ್ಳಬೇಕು, ಒಂದು ದಿನವೂ ತಪ್ಪಿಸಬಾರದು. ಬೆಳಿಗ್ಗೆ ಎದ್ದು ಕನ್ನಡಿ ಮುಂದೆ ನಿಂತು, ಗೆಳೆಯನಿಗೆ ಹೇಳುವ ಹಾಗೆ ತನಗೆ ತಾನೇ ಗಟ್ಟಿಯಾಗಿ ಧೈರ್ಯ ಹೇಳಬೇಕು. ದಿನಕ್ಕೊಂದು ನಿರ್ಧಾರವನ್ನು ಯಾರನ್ನೂ ಕೇಳದೆ ಮಾಡಬೇಕು. ಎಣಿಸಿ ನೋಡಿದರೆ ಒಂದನೇ ತಾರೀಖಿಗೆ ಸರಿಯಾಗಿ ಇಪ್ಪತ್ತೊಂದನೆಯ ದಿನ ಬೀಳುತ್ತಿತ್ತು.

ಕನ್ನಡಿ ಇದ್ದದ್ದು ಎರಡೇ ಕಡೆ. ಮಲಗುವ ಕೋಣೆಯಲ್ಲಿ ಹೆಂಡತಿ ನಗುತ್ತಿದ್ದಳು, ಬಚ್ಚಲುಮನೆಯಲ್ಲಿ ಚಿಲಕವಿತ್ತು. ಮರುದಿನದಿಂದ ಐದೂಮುಕ್ಕಾಲಕ್ಕೆ ಸರಿಯಾಗಿ ಬಚ್ಚಲುಮನೆಯಲ್ಲಿ ಸಿಂಹಾಸನವೇರಿದವರ ಗತ್ತಿನ ದನಿಯೊಂದು ಮೊಳಗತೊಡಗಿತು. "ನೀನು ಹದಿನೆಂಟು ವರ್ಷ ಬಟ್ಟೆ ನೋಡಿದವನು. ನಿನ್ನ ಕೈಗೆ ಎಲ್ಲ ಗೊತ್ತು. ಯಾರನ್ನೂ ಕೇಳಬೇಡ. ಕತ್ತರಿ ಎತ್ತು!"

ಹೊರಗೆ ಬಂದ ಮೇಲೆ ಮಾತ್ರ ಹುಲಿಗೆ ಬೆಕ್ಕಿನ ಕಾಲು. ಮೂರನೆಯ ದಿನ ಯಾರನ್ನೂ ಕೇಳದೆ ನೀಲಿ ಅಂಗಿ ಹಾಕಿಕೊಂಡರು. ಬಾಗಿಲ ತನಕ ಹೋಗಿ, ತಿರುಗಿ ಬಂದು, "ಸರಿನಾ?" ಎಂದರು. ಐದನೆಯ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕುವಾಗ, ತಾರೀಖಿನ ಮೇಲೆ ಹಾಕಲೋ ಕೆಳಗೋ ಎಂದು ಹೆಂಡತಿಯನ್ನು ವಿಚಾರಿಸಿದರು. ಅವಳು ಪೆನ್ಸಿಲ್ಲನ್ನೇ ಎತ್ತಿಟ್ಟಳು.

ಅದಿರಲಿ. ರಾಯರ ತಲೆ ಗೊಂದಲದ ಗೂಡಾಗಿದ್ದು ಹೂಂಕಾರನಿಂದ. ಹೂಂಕಾರ ಎಂದರೆ ಗರ್ಜಿಸುವವನು ಎಂದುಕೊಳ್ಳಬೇಡಿ. ಏನು ಹೇಳಿದರೂ ತಲೆ ತಗ್ಗಿಸಿ "ಹೂಂ" ಎನ್ನುವುದರಿಂದ ಅವನಿಗೆ ಆ ಹೆಸರು. ಅವನೂ ಅಲ್ಲೇ ಸಹಾಯಕ, ರಾಯರ ಎದುರಿನ ಮೇಜು. ಮನೆಯೂ ರಾಯರ ಮನೆಯ ನೇರ ಮೇಲೆಯೇ. ಇಂಥವನು ಎರಡನೆಯ ವಾರದಲ್ಲಿ ಕಾರ್ಖಾನೆಯ ಚಹಾ ಆರಿದೆ ಎಂದು ವಾಪಸ್ ಕಳಿಸಿದ. ಮರುದಿನ ಸೀಟಿ ಹೊಡೆದ. ಅದರ ಮರುದಿನ ಮಾಸ್ಟರ್ ಎದುರೇ ಎರಡು ಕಾಲರನ್ನು, ಯಾರ ಮುಖವನ್ನೂ ನೋಡದೆ, ಕಚಕಚ ಕತ್ತರಿಸಿಟ್ಟ. ಅಭ್ಯಾಸ ಮಾಡುತ್ತಿರುವವನು ತಾನು, ಫಲ ಬರುತ್ತಿರುವುದು ಅವನಿಗೆ! ಇದ್ಯಾವ ಸೀಮೆಯ ನ್ಯಾಯ ಎಂದು ರಾಯರು ಪೇಪರನ್ನು ಮತ್ತೆ ತೆಗೆದು ಓದಿದರು. ಎದುರಿನ ಮೇಜಿನ ವಿಷಯ ಅದರಲ್ಲಿ ಇರಲಿಲ್ಲ.

ಹದಿನೆಂಟನೆಯ ದಿನ ರಾಯರಿಗೆ ಕೆಟ್ಟ ನೆಗಡಿ. ಆದರೂ ವ್ರತ ಬಿಡಲಿಲ್ಲ. ಸೀನುತ್ತ, ಕೆಮ್ಮುತ್ತ, ಒಡೆದ ಗಂಟಲಲ್ಲೇ ಧೈರ್ಯ ಹೇಳಿಕೊಂಡರು. ಇಪ್ಪತ್ತನೆಯ ದಿನ ಚಹಾದ ಹೊತ್ತಿಗೆ ಇನ್ನು ತಡೆಯಲಾರದೆ ಹೂಂಕಾರನನ್ನು ಪಕ್ಕಕ್ಕೆ ಕರೆದು ಗುಟ್ಟೇನೆಂದು ಕೇಳಿಯೇಬಿಟ್ಟರು. ಅವನು ಆಚೀಚೆ ನೋಡಿ ದನಿ ತಗ್ಗಿಸಿದ.

"ಯಾರಿಗೂ ಹೇಳ್ಬೇಡಿ ರಾಯರೇ. ಪ್ರತಿಯೊಬ್ಬರ ಒಳಗೂ ಒಂದು ದನಿ ಇರುತ್ತಂತಲ್ಲ, ನನ್ನದು ಎಚ್ಚರ ಆಗಿದೆ. ದಿನಾ ಐದೂಮುಕ್ಕಾಲಕ್ಕೆ ಸ್ನಾನಕ್ಕೆ ನಿಂತಾಗ ಮಾತಾಡುತ್ತೆ. ಯಾರನ್ನೂ ಕೇಳಬೇಡ ಅನ್ನುತ್ತೆ. ಕತ್ತರಿ ಎತ್ತು ಅನ್ನುತ್ತೆ." ಆಮೇಲೆ ಮುಖ ಸಪ್ಪೆ ಮಾಡಿಕೊಂಡು ಸೇರಿಸಿದ: "ಮೂರು ದಿನದಿಂದ ಪಾಪ, ಅದಕ್ಕೆ ನೆಗಡಿ. ನಾನೇ ಬಿಸಿನೀರು ಕುಡೀತಿದ್ದೀನಿ, ಇನ್ನೂ ಕಮ್ಮಿ ಆಗಿಲ್ಲ."

ರಾಯರಿಗೆ ಹೊಟ್ಟೆಕಿಚ್ಚಾಯಿತು. ಇವನ ಒಳದನಿ ಎಷ್ಟು ಚೆನ್ನಾಗಿ ಮಾತಾಡುತ್ತದೆ, ತನ್ನದು ಯಾಕೆ ಬಾಯಿ ಬಿಡುವುದಿಲ್ಲ? ಸಂಜೆ ಮನೆಗೆ ಬಂದು ಹೆಂಡತಿಯ ಮುಂದೆ ಗೋಳು ತೋಡಿಕೊಂಡು, ನಡುವೆ ಮೂರು ಸಲ ಸೀನಿದರು. ಅವಳು ಸೌಟು ಕೆಳಗಿಟ್ಟು ಅವರನ್ನೇ ನೋಡಿದಳು.

"ಬಚ್ಚಲುಮನೆ ಗವಾಕ್ಷಿ ಎಲ್ಲಿಗೆ ತೆರೆಯುತ್ತೆ, ಗೊತ್ತಾ ನಿಮಗೆ?"

ಗೊತ್ತಾಯಿತು. ಎರಡೂ ಬಚ್ಚಲುಮನೆಗಳ ಕಿಂಡಿ ತೆರೆಯುವುದು ಪೈಪುಗಳು ಇಳಿಯುವ ಒಂದೇ ಸಂದಿಗೆ. ಅದರೊಳಗೆ ಹೊಕ್ಕ ದನಿ ಗುಂಯ್‌ಗುಟ್ಟುತ್ತ ಮೇಲೇರುತ್ತದೆ. ಜೊತೆಗೆ, ರಾಯರ ಬಾಯಲ್ಲಿ ಪ್ರಶ್ನೆ ಬಿಟ್ಟು ಬೇರೇನನ್ನೂ ಹೂಂಕಾರ ಯಾವತ್ತೂ ಕೇಳಿರಲಿಲ್ಲ. ಗುರುತು ಹತ್ತುವುದಾದರೂ ಹೇಗೆ? ರಾಯರು ತಲೆ ಮೇಲೆ ಕೈ ಹೊತ್ತು ಕುಳಿತರು. ಹೆಂಡತಿಯೇ ದಾರಿ ತೋರಿದಳು: ನಾಳೆ ಒಂದು ದಿನ ಅವನ ಒಳದನಿ ರಜೆ ಹಾಕಲಿ, ನೀವು ಬಾಯಿ ಮುಚ್ಚಿಕೊಂಡು ಸ್ನಾನ ಮಾಡಿ, ಮೊದಲು ಹೋಗಿ ಕತ್ತರಿ ಕೇಳಿ.

ಒಂದನೇ ತಾರೀಖು. ಐದೂಮುಕ್ಕಾಲು. ರಾಯರು ಚಿಲಕ ಹಾಕಿ, ತುಟಿ ಬಿಗಿಹಿಡಿದು ನಿಂತರು. ಮೇಲೆ ನೀರಿನ ಸದ್ದು ನಿಂತಿತು. ಒಂದು ನಿಮಿಷ ಕಳೆಯಿತು, ಎರಡು ಕಳೆಯಿತು. ಆಮೇಲೆ ಕಿಂಡಿಯಿಂದ ಅಂಜುತ್ತ ಅಂಜುತ್ತ ಒಂದು ಸ್ವರ ಇಳಿದು ಬಂತು.

"ಇದೀಯಾ? ಇವತ್ತು ನಾನು ಹೋಗಿ ಕತ್ತರಿ ಕೇಳೋಣ ಅಂತಿದ್ದೀನಿ. ಸರಿನಾ?"

ಹದಿನೆಂಟು ವರ್ಷದಲ್ಲಿ ರಾಯರನ್ನು ಯಾರೂ ಈ ಮಾತು ಕೇಳಿರಲಿಲ್ಲ. ಅವರು ಸುತ್ತ ನೋಡಿದರು. ಚೊಂಬು, ಸೋಪು, ಟವೆಲ್ಲು. ಕೇಳಲು ಒಂದು ನರಪಿಳ್ಳೆಯೂ ಇಲ್ಲ. ಹೂಂಕಾರನ ಕೈ ಒಳ್ಳೆಯ ಕೈ ಎಂಬುದು ಅವರಿಗೆ ಗೊತ್ತಿತ್ತು. ಆ ಸ್ವರದೊಳಗಿನ ಹೆದರಿಕೆ ಇನ್ನೂ ಚೆನ್ನಾಗಿ ಗೊತ್ತಿತ್ತು, ಅದು ಅವರದೇ.

"ಸರಿ," ಎಂದುಬಿಟ್ಟರು, ಗಟ್ಟಿಯಾಗಿ. "ನಿನ್ನ ಕೈಗೆ ಗೊತ್ತು. ಯಾರನ್ನೂ ಕೇಳಬೇಡ, ಹೋಗು."

ಆ 'ಸರಿ' ಎಂಬ ಪದದ ರುಚಿ ಎಷ್ಟಿತ್ತೆಂದರೆ, ರಾಯರು ಕನ್ನಡಿಯ ಮುಂದೆ ಅದನ್ನೇ ಇನ್ನೂ ಹತ್ತು ಸಲ ಹೇಳಿಕೊಂಡರು. ಕಾರ್ಖಾನೆ ಮುಟ್ಟುವ ಹೊತ್ತಿಗೆ ಮೊಳೆ ಖಾಲಿಯಾಗಿತ್ತು. ಹೂಂಕಾರ ದೊಡ್ಡ ಮೇಜಿನ ಮುಂದೆ ನಿಂತು, ರಾಯರು ಹಿಂದಿನ ದಿನ ಎಳೆದಿಟ್ಟ ಗೆರೆಯ ಮೇಲೇ ಸರಸರ ಕತ್ತರಿ ಓಡಿಸುತ್ತಿದ್ದ. ಒಂದು ನೂಲು ಆಚೀಚೆ ಹೋಗಲಿಲ್ಲ. ರಾಯರಿಗೆ ಅಳು ಬಂತು, ಹೆಮ್ಮೆಯೂ ಆಯಿತು. ಎರಡರಲ್ಲಿ ಯಾವುದನ್ನು ಮುಖದ ಮೇಲೆ ಇಟ್ಟುಕೊಳ್ಳಬೇಕೆಂದು ತಿಳಿಯದೆ, ಗೋಡೆ ಗಡಿಯಾರದ ಕಡೆ ನೋಡಿದರು.

ಸಂಜೆ ಹೆಂಡತಿ ಎಲ್ಲ ಕೇಳಿಸಿಕೊಂಡು ಸೌಟು ಕೈಗೆತ್ತಿಕೊಂಡಳು. "ಹುಟ್ಟಿದಾಗಿನಿಂದ ಯಾರನ್ನೂ ಕೇಳದೆ ಮಾಡಿದ್ದು ಒಂದೇ ಒಂದು ನಿರ್ಧಾರ. ಅದನ್ನೂ ಮೇಲಿನ ಮನೆಯವರಿಗೆ ಮಾಡ್ಕೊಟ್ರಿ," ಎಂದಳು. ಬೈದಳೋ ಮೆಚ್ಚಿದಳೋ ರಾಯರಿಗೆ ತಿಳಿಯಲಿಲ್ಲ. ತಟ್ಟೆಗೆ ಮಾತ್ರ ಎರಡು ಸೌಟು ಹೆಚ್ಚಿಗೇ ಬಿತ್ತು.

ಮೂಲೆಯಲ್ಲಿ ಕುಳಿತು ಎಲ್ಲ ಕೇಳಿಸಿಕೊಂಡಿದ್ದ ಮಗಳು ಚೀಲದಿಂದ ಪ್ರಬಂಧದ ಪುಸ್ತಕ ತೆಗೆದಳು. ಮೊದಲ ಸಾಲಿನಲ್ಲಿ ಏನನ್ನೋ ಅಳಿಸಿ, ಏನನ್ನೋ ಬರೆದು ತಂದು ಅಪ್ಪನ ಮುಂದೆ ಹಿಡಿದಳು. 'ನಮ್ಮ ಅಪ್ಪ ಬಟ್ಟೆ ಕತ್ತರಿಸುವವರ ಒಳಗಡೆ ಇರುತ್ತಾರೆ.'

"ಸರಿನಾ ಅಪ್ಪಾ?" ಎಂದಳು.

ರಾಯರು ಹೆಂಡತಿಯ ಮುಖ ನೋಡಿದರು.