ಮೇಷ್ಟ್ರು ಮನೆಗೆ ಕೊಟ್ಟ ಮಾರ್ಕು

ಎಲ್ಲಕ್ಕೂ ಕಾರಣ ಒಂದು ಚಮಚ ಹರಳೆಣ್ಣೆ. ಗೋಣೆಪ್ಪ ಮೇಷ್ಟ್ರು ಅದನ್ನು ಕೇಳದೇ ಇದ್ದಿದ್ದರೆ ಚನ್ನಗಿರಿಯ ಪೇಟೆ ಬೀದಿ ಆ ಭಾನುವಾರ ತಲೆಗೆ ನೀರು ಹಾಕಿಕೊಂಡು, ಉಂಡು, ನೆಮ್ಮದಿಯಾಗಿ ಮಲಗಿರುತ್ತಿತ್ತು.

ಯುದ್ಧದ ಕಾಲ. ಸೀಮೆಎಣ್ಣೆಗೆ ಚೀಟಿ ಬಂದಿತ್ತು, ಬಸ್ಸುಗಳು ಇದ್ದಿಲು ತಿಂದುಕೊಂಡು ಓಡುತ್ತಿದ್ದವು. ಬಾಡಿಗೆ ಮನೆಗಳಂತೂ ಹುಡುಕಿದರೂ ಇರಲಿಲ್ಲ. ಮೇಷ್ಟ್ರು ಇದ್ದ ಮನೆಯ ಮಾಲೀಕರು ತಮ್ಮ ಮಗನ ಮದುವೆ ಗೊತ್ತಾಗಿದೆ, ಶಿವರಾತ್ರಿಯೊಳಗೆ ಖಾಲಿ ಮಾಡಿ ಎಂದುಬಿಟ್ಟಿದ್ದರು. ಮೇಷ್ಟ್ರ ಹೆಂಡತಿ ಸಾವಂತ್ರಮ್ಮನಿಗೆ ಏಳು ತಿಂಗಳು. ಮದುವೆಯಾದ ನಾಲ್ಕು ವರ್ಷಕ್ಕೆ ಇದು ಐದನೆಯ ಮನೆ. "ಈ ಕೂಸಾದ್ರೂ ನಮ್ಮದೇ ಸೂರಿನ ಕೆಳಗೆ ಹುಟ್ಟಲಿ" ಎಂದು ಅವಳು ಒಂದೇ ಒಂದು ಸಲ ಹೇಳಿದ್ದಳು. ಆ ಒಂದು ಸಲಕ್ಕೇ ಮೇಷ್ಟ್ರ ನಿದ್ದೆ ಹೋಗಿತ್ತು.

ಅಷ್ಟರಲ್ಲಿ ದಲ್ಲಾಳಿ ಚಿಕ್ಕಹನುಮಂತಪ್ಪ ಪೇಟೆ ಬೀದಿಯ ಅಜ್ಜಮ್ಮನ ಮನೆಯ ಸುದ್ದಿ ತಂದ. ಗಂಡ ತೀರಿಕೊಂಡ ಮೇಲೆ ಅಜ್ಜಮ್ಮ ಹೊನ್ನಾಳಿಯಲ್ಲಿ ತಂಗಿಯ ಮಗಳ ಮನೆ ಸೇರಿದ್ದಳು. ಮನೆಗೆ ಬೀಗ ಬಿದ್ದು ಐದು ವರ್ಷವಾಗಿತ್ತು. ಮೇಷ್ಟ್ರಿಗೆ ಉಬ್ರಾಣಿಯ ಹೊಲದ ಪಾಲಿನಿಂದ ಬಂದ ಐನೂರು ರೂಪಾಯಿಗೆ ಸರಿಯಾಗಿ ಆ ಮನೆ ಸಿಗುವ ಹಾಗಿತ್ತು.

"ಇವತ್ತು ಸಂಜೆ ಬಸ್ಸಿಗೆ ಅಜ್ಜಮ್ಮನ್ನ ಕರ್ಕಂಡು ಬರ್ತೀನಿ. ನಾಳೆ ಪತ್ರ. ಅಷ್ಟ್ರೊಳಗೆ ನೀವು ಒಬ್ರೇ ಹೋಗಿ ನೋಡಿಬಿಡ್ರಿ. ಯಾರಿಗೂ ಹೇಳಬೇಡ್ರಿ ಮತ್ತೆ, ನಾಕು ಜನ ಸೇರಿದ್ರೆ ನಾಕು ಮಾತಾಗ್ತೈತೆ" ಎಂದು ಕೀಲಿಕೈ ಕೊಟ್ಟು ಹೋದ.

ಮೇಷ್ಟ್ರು ಯಾರಿಗೂ ಹೇಳಲಿಲ್ಲ. ಆದರೆ ಬೀಗ ತುಕ್ಕು ಹಿಡಿದಿತ್ತು. ಕೀಲಿಕೈ ಒಳಗೆ ಹೋಗಿ, ತವರಿಗೆ ಹೋದ ಹೆಣ್ಣುಮಗಳ ಹಾಗೆ, ತಿರುಗಲು ಒಪ್ಪಲಿಲ್ಲ. ಎದುರುಮನೆಯ ಉಡಚಮ್ಮನನ್ನು ಕೇಳಿದರು: "ಅಮ್ಮಾ, ಒಂದು ಚಮಚ ಹರಳೆಣ್ಣೆ ಕೊಡ್ತೀರಾ?"

"ಹೊಟ್ಟೆಗೇನ್ರಿ ಮೇಷ್ಟ್ರೆ?"

"ಅಲ್ಲಮ್ಮ, ಬೀಗಕ್ಕೆ."

"ಯಾವ ಬೀಗಕ್ಕೆ?"

ಸುಳ್ಳು ಹೇಳಿ ಅಭ್ಯಾಸವಿಲ್ಲದ ಮೇಷ್ಟ್ರು ಕೈಯೆತ್ತಿ ತೋರಿಸಿದರು. ಉಡಚಮ್ಮ ಎಣ್ಣೆಯ ಜೊತೆಗೆ ತಾನೂ ಬಂದಳು. ಅವಳ ಹಿಂದೆ ಪಕ್ಕದ ಮನೆಯ ಭೀಮಕ್ಕ, ಅವಳ ಹಿಂದೆ ಗೌಂಡಿ ಗಿಡ್ಡಪ್ಪ. ಹೆಸರಿಗೆ ಗಿಡ್ಡಪ್ಪನಾದರೂ ಬಾಗದೆ ಯಾವ ಬಾಗಿಲನ್ನೂ ದಾಟದ ಆಸಾಮಿ. ಬೀಗ ತೆಗೆಯುವ ಹೊತ್ತಿಗೆ ಜಗಲಿಯ ಮೇಲೆ ಹನ್ನೆರಡು ಜನರಿದ್ದರು.

ಬಾಗಿಲು ತೆರೆಯಲಿಲ್ಲ, ಬಿತ್ತು. ಒಳಗಿದ್ದ ಬಾವಲಿಗಳು ಒಮ್ಮೆಲೇ ಎದ್ದು, ಕಡೆ ಗಂಟೆ ಹೊಡೆದಾಗ ಹೊರಗೆ ನುಗ್ಗುವ ಒಂದನೆಯ ಕ್ಲಾಸಿನ ಮಕ್ಕಳಂತೆ ಎಲ್ಲರ ತಲೆಯ ಮೇಲೆ ಹಾದುಹೋದವು.

ಮೇಷ್ಟ್ರು ಪುಸ್ತಕ ತೆಗೆದರು. ಅವರಿಗೆ ಯಾವುದನ್ನೇ ತೂಗಿ ನೋಡಬೇಕಾದರೂ ಗೊತ್ತಿದ್ದದ್ದು ಒಂದೇ ದಾರಿ, ಮಾರ್ಕು ಹಾಕುವುದು. ಗೋಡೆ, ಸೂರು, ಮರ, ನೀರು ಎಂದು ನಾಲ್ಕು ವಿಷಯ ಮಾಡಿ, ಒಂದೊಂದಕ್ಕೂ ಇಪ್ಪತ್ತೈದರಂತೆ ನೂರು ಮಾರ್ಕಿಟ್ಟಿದ್ದರು. ಮೂವತ್ತೈದು ಬಂದರೆ ಪಾಸು. ಹಿತ್ತಲ ಗೋಡೆ ಅರ್ಧ ಕುಸಿದಿತ್ತು. ಪಡಸಾಲೆಯ ಸೂರಿನಲ್ಲಿ ಆಕಾಶ ಧಾರಾಳವಾಗಿ ಕಾಣುತ್ತಿತ್ತು. ಒಲೆಯೊಳಗೆ ಯಾರದೋ ಕೋಳಿ ಕಾವಿಗೆ ಕೂತಿತ್ತು. ಬಾವಿಯ ನೀರಿಗೆ ಹಸಿರು ಶಾಲು ಹೊದಿಸಿದಂತಿತ್ತು. ಗೋಡೆಗೆ ಆರು, ಸೂರಿಗೆ ಐದು, ಮರಕ್ಕೆ ನಾಲ್ಕು, ನೀರಿಗೆ ಮೂರು. ಒಟ್ಟು ಹದಿನೆಂಟು.

"ಫೇಲು" ಎಂದು ಮೇಷ್ಟ್ರು ನಿಟ್ಟುಸಿರುಬಿಟ್ಟರು. ಇನ್ನು ಮನೆಗೆ ಹೋಗಿ ಸಾವಂತ್ರಮ್ಮನಿಗೆ ಈ ಸುದ್ದಿ ಹೇಳಬೇಕಿತ್ತು.

"ಅಟ್ಟ ನೋಡಿದ್ರೇನ್ರಿ?" ಎಂದ ಗಿಡ್ಡಪ್ಪ. "ಅಟ್ಟ ನೋಡ್ದೆ ಮರಕ್ಕೆ ಹೆಂಗ್ರಿ ಮಾರ್ಕು ಹಾಕಿದ್ರಿ?"

ಆ ಮಾತು ನ್ಯಾಯವಾಗಿತ್ತು. ಮೇಷ್ಟ್ರು ಅಟ್ಟ ಹತ್ತಿದರು. ಮೂರನೆಯ ಹೆಜ್ಜೆಗೆ ಹಲಗೆ ಬಾಯಿಬಿಟ್ಟು ಅವರ ಎರಡೂ ಕಾಲು ಅಡಿಗೆಮನೆಯಲ್ಲಿ ತೂಗಾಡಿದವು. ಮಿಕ್ಕ ಮೇಷ್ಟ್ರು ತೊಲೆಯನ್ನು ತಬ್ಬಿಕೊಂಡಿದ್ದರು.

"ಅಯ್ಯಯ್ಯೋ, ಹಿಡ್ಕಳ್ರೋ!" ಎಂದು ಭೀಮಕ್ಕ ಕೂಗಿದಳು.

"ತಡೀರಿ, ತಡೀರಿ" ಎಂದ ಗಿಡ್ಡಪ್ಪ, ಕೆಳಗೆ ನಿಂತು ತೊಲೆಯನ್ನೇ ನೋಡುತ್ತ. "ಹಲಗೆ ಹೋದ್ರೆ ಹೋಗ್ಲಿ, ತೊಲೆ ನೋಡ್ರಿ! ಇಷ್ಟು ಭಾರ ಬಿದ್ರೂ ಕಿರ್ರ್ ಅಂದಿಲ್ಲ. ಬರ್ಮಾ ತೇಗ ಕಣ್ರಿ ಇದು. ಈಗ ದುಡ್ಡು ಸುರಿದ್ರೂ ಸಿಗಂಗಿಲ್ಲ. ಮೇಷ್ಟ್ರೆ, ಇನ್ನೊಂಚೂರು ಜೋತಾಡ್ರಿ ನೋಡಾನ."

ಕೆಳಗಿಳಿಸಿದ ಮೇಲೆ ಮೇಷ್ಟ್ರು ಮೊಣಕಾಲು ಒರೆಸಿಕೊಂಡು, ಪ್ರಾಮಾಣಿಕರಾದ್ದರಿಂದ, ಮರದ ನಾಲ್ಕನ್ನು ಹೊಡೆದುಹಾಕಿ ಇಪ್ಪತ್ತು ಎಂದು ಬರೆದರು. ಒಟ್ಟು ಮೂವತ್ತನಾಲ್ಕು.

"ಒಂದು ಮಾರ್ಕಿಗೆ ಫೇಲಾ?" ಇಡೀ ಬೀದಿಗೆ ಸಂಕಟವಾಯಿತು. ತಮ್ಮ ಮಕ್ಕಳಿಗೂ ಇದೇ ಮೇಷ್ಟ್ರು ಹೀಗೆ ಮಾಡಿದ್ದು ಕೆಲವರಿಗೆ ನೆನಪಿತ್ತು.

"ಕಸ ಇಟ್ಕಂಡು ನೋಡಿದ್ರೆ ಮನೆ ಮುಖ ಕಾಣ್ತೈತೇನ್ರಿ?" ಎಂದು ಭೀಮಕ್ಕ ಸೆರಗು ಸಿಕ್ಕಿಸಿ ಪೊರಕೆ ತಂದಳು. ಉಡಚಮ್ಮ ಕೋಳಿಯನ್ನು ಮೊಟ್ಟೆ ಸಮೇತ ಬುಟ್ಟಿಗೆ ವರ್ಗ ಮಾಡಿ ಒಲೆ ಸಾರಿಸಿದಳು. ಗೋಡೆ ಒಳಗೆ ಗಟ್ಟಿಯೋ ಟೊಳ್ಳೋ ನೋಡಬೇಕೆಂದು ಗಿಡ್ಡಪ್ಪ ಕೆರೆದ. ಕೆರೆದ ಮೇಲೆ ಹಾಗೇ ಬಿಡಲು ಅವನ ಕಸುಬು ಒಪ್ಪಲಿಲ್ಲ. ಹಿತ್ತಲಲ್ಲೇ ಮಣ್ಣು ಕಲಸಿ ಮೆತ್ತಿದ. ಇಬ್ಬರು ಬಿದ್ದ ಬಾಗಿಲನ್ನೆತ್ತಿ ನಿಲ್ಲಿಸಿ ಬಾವಿಗಿಳಿದರು. ಇನ್ನಿಬ್ಬರು ಸೂರೇರಿ ಹೆಂಚು ಕೈಯಾಡಿಸಿದರು, ಸಾಲದ್ದಕ್ಕೆ ತಮ್ಮ ಹಿತ್ತಲಲ್ಲಿದ್ದ ಹಳೇ ಹೆಂಚನ್ನೂ ತಂದರು.

"ಬೇಡ್ರಪ್ಪಾ, ನಾನಿನ್ನೂ ತಗೊಂಡಿಲ್ಲ" ಎಂದು ಮೇಷ್ಟ್ರು ಅಂಗಲಾಚಿದರು.

"ತಗಳ್ರಿ ಅಂತ ಯಾರಂದ್ರು? ನೋಡಾಕೆ ಅನುಕೂಲ ಮಾಡ್ತಿದೀವಿ ಅಷ್ಟೆ" ಎಂದ ಗಿಡ್ಡಪ್ಪ.

ಊಟಕ್ಕೂ ಬಾರದ ಗಂಡನನ್ನು ಹುಡುಕಿಕೊಂಡು ಸಾವಂತ್ರಮ್ಮ ರೊಟ್ಟಿ ಬುತ್ತಿ ಹಿಡಿದು ಬಂದಾಗ, ಗಂಡ ನೆತ್ತಿಯ ಮೇಲೆ ಮಣ್ಣಿನ ಬುಟ್ಟಿ ಹೊತ್ತಿದ್ದ. ಭೀಮಕ್ಕ ಅವಳನ್ನು ಕಂಬಕ್ಕೆ ಒರಗಿಸಿ ಕೂರಿಸಿ, ಬೆನ್ನಿಗೊಂದು ದಿಂಬು ಕೊಟ್ಟು, "ನೀನು ಏಳಬೇಡವ್ವಾ. ಯಾವ ಕಡೆ ಗಾಳಿ ಬೀಸ್ತೈತೆ ಅಂತ ಕುಂತು ಹೇಳು, ಅದೂ ನೋಡಬೇಕಲ್ಲ" ಎಂದಳು. ಸಾವಂತ್ರಮ್ಮ ಸಂಜೆಯವರೆಗೆ ಆ ಕೆಲಸವನ್ನು ಶ್ರದ್ಧೆಯಿಂದ ಮಾಡಿದಳು. ಎಷ್ಟೋ ದಿನದ ಮೇಲೆ ಅವಳ ಮುಖ ಅರಳಿತ್ತು.

ಬಿಸಿಲು ಇಳಿಯುವಾಗ ಮೇಷ್ಟ್ರು ಮತ್ತೆ ಪುಸ್ತಕ ತೆಗೆದರು. ಗೋಡೆಗೆ ಹತ್ತೊಂಬತ್ತು. ಸೂರಿಗೆ ಹದಿನೆಂಟು. ಮರಕ್ಕೆ ಅದೇ ಇಪ್ಪತ್ತು. ನೀರು ಕುಡಿದು ನೋಡಿ, ಮತ್ತೊಂದು ಲೋಟ ಕುಡಿದು, ಇಪ್ಪತ್ತೊಂದು. ಎಪ್ಪತ್ತೆಂಟು!

"ಫಸ್ಟ್ ಕ್ಲಾಸು! ತಗೊಂಡೇ ಬಿಡ್ತೀನಿ" ಎಂದು ಕೂಗಿದರು.

"ಇನ್ನೊಂದು ಉಳೀತಲ್ರಿ" ಎಂದಳು ಭೀಮಕ್ಕ. "ನೀವು ಒಪ್ಪಿದ್ರೆ ಸಾಕಾ? ಮನೆ ನಿಮ್ಮನ್ನ ಒಪ್ಪಬೇಕಲ್ಲ. ಹಾಲುಕ್ಕಿಸಿ ನೋಡಾನ. ಮೂಡಲಿಗೆ ಉಕ್ಕಿದ್ರೆ ಒಪ್ಪಿದಂಗೆ."

ಬಾಗಿಲಿಗೆ ನೀರು ಚಿಮುಕಿಸಿ ರಂಗೋಲಿ ಹಾಕಿದರು. ತೋರಣ ಕಟ್ಟಿದರು. ಉಡಚಮ್ಮನ ಎಮ್ಮೆಯ ಹಾಲು ಒಲೆಯೇರಿತು. ಬೀದಿಗೆ ಬೀದಿಯೇ ಉಸಿರು ಬಿಗಿಹಿಡಿದು ಸುತ್ತ ನಿಂತಿತು. ಹಾಲು ಮೇಲೆದ್ದು, ಕ್ಷಣ ಹೊತ್ತು ಯೋಚಿಸಿ, ಮೂಡಲಿಗೇ ಉಕ್ಕಿತು.

ಸರಿಯಾಗಿ ಆಗಲೇ ಹೊನ್ನಾಳಿ ಬಸ್ಸು ಬಂದು, ಚಿಕ್ಕಹನುಮಂತಪ್ಪನ ಕೈಹಿಡಿದು ಅಜ್ಜಮ್ಮ ಹೊಸಲ ಮುಂದೆ ನಿಂತಳು. ಕಣ್ಣಿಗೆ ಪೊರೆ ಬಂದಿತ್ತು. ಆದರೂ ರಂಗೋಲಿ ಕಂಡಿತು, ಹಾಲಿನ ವಾಸನೆ ಬಂತು. ಕಂಬವನ್ನು ಸವರಿದಳು, ಗೋಡೆಯನ್ನು ತಟ್ಟಿದಳು.

"ನನ್ನ ಮನೆ ನಿಂತೈತೆ!" ಎಂದಳು. "ಲೇ ಚಿಕ್ಕಹನುಮಾ, ಪೂರ್ತಿ ಬಿದ್ದುಹೋಗೈತೆ ಅಂದ್ಯಲ್ಲೋ! ನಮ್ಮ ಯಜಮಾನ್ರು ನಿಂತು ಕಟ್ಸಿದ ಮನೆ, ಅದು ಹೆಂಗೆ ಬೀಳ್ತೈತೆ? ಕಣ್ಣು ಕಾಣದ ಮುದುಕಿ ಅಂತ ಮಾರ್ಸಾಕೆ ನೋಡಿದ್ಯಾ?"

ಚಿಕ್ಕಹನುಮಂತಪ್ಪ ಬಾಯಿ ತೆರೆದ. ಅವನ ಕಾಲನ್ನು ಯಾರೋ ಬಲವಾಗಿ ಮೆಟ್ಟಿದರು. ಗಿಡ್ಡಪ್ಪ ಮಣ್ಣು ಮೆತ್ತಿದ್ದ ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಸೂರು ನೋಡುತ್ತಿದ್ದ.

"ನಾನು ಬರ್ತೀನಂತ ಹಾಲುಕ್ಕಿಸಿ ಕಾದಿದೀರಲ್ರೋ" ಎಂದು ಅಜ್ಜಮ್ಮ ಕಣ್ಣೊರೆಸಿಕೊಂಡಳು. "ಐದು ವರ್ಷ ಇನ್ನೊಬ್ರ ಜಗಲಿ ಮೇಲೆ ಮಲಗಿದ್ದು ಸಾಕು. ನಾನೆಲ್ಲಿಗೂ ಹೋಗಲ್ಲ."

ಎಲ್ಲರೂ ಮೇಷ್ಟ್ರನ್ನು ನೋಡಿದರು. ಮೇಷ್ಟ್ರು ಹೆಂಡತಿಯನ್ನು ನೋಡಿದರು. ಸಾವಂತ್ರಮ್ಮ ಕಂಬ ಹಿಡಿದು ಮೇಲೆದ್ದು, ಒಂದು ತಂಬಿಗೆ ನೀರು ತಂದು ಅಜ್ಜಮ್ಮನ ಕಾಲಿಗೆ ಕೊಟ್ಟಳು.

"ಮನೆ ತಗಳ್ಳೋರು ಯಾರೋ ಇದ್ರಂತಲ್ಲ, ಎಲ್ಲಿ?" ಅಜ್ಜಮ್ಮ ಕೇಳಿದಳು.

"ಬಂದಿದ್ರು" ಎಂದರು ಮೇಷ್ಟ್ರು. "ನೋಡಿದ್ರು."

"ಯಾಕೆ, ಹಿಡಿಸಲಿಲ್ಲೇನು?"

"ಬಹಳ ಹಿಡಿಸಿತ್ತು."

"ಪಾಪ" ಎಂದಳು ಅಜ್ಜಮ್ಮ. ಆಮೇಲೆ ಹಾಲು ಕುಡಿಯುತ್ತ ಲೆಕ್ಕ ಹಾಕಿದಳು. "ನಂಗೊಬ್ಳಿಗೆ ಅಡಿಗೆಮನೆ ಪಕ್ಕದ ಕೋಣೆ ಸಾಕು. ಮಿಕ್ಕಿದ್ದು ಬಾಡಿಗೆಗೆ ಕೊಟ್ರೆ ಹೊಟ್ಟೆ ನಡೀತೈತೆ. ಏನು ಕೇಳಬಹುದ್ರೋ? ಮೂರು ರೂಪಾಯಿ?"

ಮೇಷ್ಟ್ರು ಈಗ ಕೊಡುತ್ತಿದ್ದದ್ದೂ ಮೂರೇ ರೂಪಾಯಿ. ಅವರ ಮನಸ್ಸಿನಲ್ಲಿ ಒಂದು ಆಸೆ ಮೊಳೆಯಿತು. ಆದರೆ ಗಿಡ್ಡಪ್ಪನಿಗೆ ಅಭಿಮಾನ ತಡೆಯಲಿಲ್ಲ.

"ಮೂರಾ? ಈ ಗೋಡೆ ಕಬ್ಬಿಣ ಕಣಮ್ಮಾ!"

"ಬಾವಿ ನೀರು ಎಳನೀರಿದ್ದಂಗೈತೆ" ಎಂದರು ಬಾವಿಗಿಳಿದಿದ್ದವರು.

"ಗಾಳಿ ಹೆಂಗೆ ಬೀಸ್ತೈತೆ ಅಂತೀಯ!" ಎಂದಳು ಭೀಮಕ್ಕ.

ಮೂರು ಮೂರೂವರೆಯಾಗಿ, ನಾಲ್ಕಾಗಿ, ನಾಲ್ಕೂವರೆಗೆ ಬಂದು ನಿಂತಿತು.

"ನಾಕೂವರೆ ಕೊಟ್ಟು ಬರೋರು ಯಾರು ಸಿಗ್ತಾರೆ?" ಎಂದು ಅಜ್ಜಮ್ಮ ಸಂಶಯಪಟ್ಟಳು.

ಇಡೀ ಬೀದಿ ಮತ್ತೊಮ್ಮೆ ಮೇಷ್ಟ್ರ ಕಡೆ ತಿರುಗಿತು. ಅವರು ಬಾಯಿ ತೆರೆಯುವ ಮೊದಲೇ ಸಾವಂತ್ರಮ್ಮ, "ಅಮ್ಮಾ, ಮುಂಗಡ ಏನಾದ್ರೂ ಕೊಡಬೇಕೇನ್ರಿ?" ಎಂದು ಕೇಳಿಬಿಟ್ಟಳು.

ಅಜ್ಜಮ್ಮ ಕೈಚಾಚಿ ಅವಳ ಹೊಟ್ಟೆಯನ್ನು ಮೆಲ್ಲಗೆ ಸವರಿದಳು.

"ಮುಂಗಡ ಬೇಡ ಕಣವ್ವಾ. ಬಾಣಂತನ ನಾನೇ ಮಾಡ್ತೀನಿ, ಅದಕ್ಕೂ ಏನೂ ಬೇಡ. ಆದ್ರೆ ಮೇಷ್ಟ್ರೆ, ಒಂದು ಮಾತು ಮೊದ್ಲೇ ಹೇಳಿಬಿಡ್ತೀನಿ. ಬಾಡಿಗೆಯವರು ಅಂದ್ರೆ ನಂಗೆ ಭಯ. ಐದು ವರ್ಷ ಬೀಗ ಹಾಕಿದ್ರೂ ನನ್ನ ಮನೆ ಎಷ್ಟು ಚೊಕ್ಕಾಗೈತೆ ನೋಡಿದ್ರಲ್ಲ? ನೀವು ಬಂದ ಮೇಲೆ ಇದನ್ನ ಕೆಡಿಸಬಾರ್ದು ನೋಡ್ರಿ."