ತೂಪದ ತವರುಮನಿ

ಶಬ್ದದ ಬೆನ್ನು ಹತ್ತಿದವರಿಗೆ ಜಗಳ ಸಿಗುತ್ತದೆ, ಇಲ್ಲವೇ ನಗು. ಮಹಾರಾಷ್ಟ್ರದ ಜತ್ತ ತಾಲೂಕಿನ ನಮ್ಮ ಕನ್ನಡ ಸಾಲಿಯಲ್ಲಿ ವಾರಕ್ಕೊಮ್ಮೆಯಾದರೂ ಎರಡೂ ಕೂಡಿಯೇ ಸಿಗುತ್ತವೆ. ತಪ್ಪು ನನ್ನದೇ. ಮಕ್ಕಳಿಗೆ ದಿನಕ್ಕೊಂದು ಶಬ್ದ ಕೊಟ್ಟು, "ಇದರ ತವರುಮನಿ ಯಾವುದು, ಹುಡುಕ್ಕೊಂಡು ಬರ್ರಿ" ಎನ್ನುವ ಚಟ ಹಚ್ಚಿದವಳು ನಾನು. ಬೇರೆ ಬೇರೆ ಊರಿನ ಸೊಸೆಯಂದಿರು ಬಂದು ಒಂದೇ ಒಲೆ ಹಚ್ಚುವಂತೆ ಶಬ್ದಗಳೂ ಬಂದು ಒಂದು ಭಾಷೆಯಲ್ಲಿ ಸಂಸಾರ ಹೂಡುತ್ತವೆ ಅಂತ ಹೇಳಿಕೊಟ್ಟಿದ್ದೆ. ಗೋಡೆಯ ಮೇಲೆ ಮಕ್ಕಳದೇ ಪಟ್ಟಿ: 'ಖುರ್ಚಿ: ಅರಬರ ಮನಿಯಾಕಿ. ಚಹಾ: ಚೀನಾದಾಕಿ.'

೧. ಚಾವಿ

ಚಾವಿ ಎಂಬ ಶಬ್ದ ಪೋರ್ತುಗೀಜರದು ಎಂದು ಹೇಳಿದ ಮರುದಿನವೇ ಐದನೆ ಇಯತ್ತೆಯ ಹುಡುಗಿಯೊಬ್ಬಳ ಅಜ್ಜಿ ಸಾಲಿಗೆ ಬಂದರು. ಸೊಂಟದಲ್ಲಿ ಚಾವಿ ಗೊಂಚಲು ಗಿಲಿಗಿಲಿ.

"ಅಕ್ಕಾರ, ಈ ಚಾವಿ ಪರದೇಶದವರದು ಅಂದೀರಂತ?"

"ಚಾವಿ ಅಲ್ರಿ ಅಜ್ಜಿ. ಚಾವಿ ಅನ್ನೂ ಶಬ್ದ ಅಷ್ಟ."

"ಟ್ರಂಕ ನಂದು, ಕೀಲಿ ನಂದು, ಶಬ್ದ ಅಷ್ಟ ಅವರದೇನು? ನಮ್ಮತ್ತಿ ಕಡಿಂದ ಈ ಗೊಂಚಲಾ ಕಸಗೊಳ್ಳೂದ್ರಾಗ ನನ್ನ ಅರ್ಧಾ ಆಯುಷ್ಯ ಹೋಗೇದ. ಬರ್ಲಿ ಅವ್ರು, ನನ್ನ ನಡದಾಗಿಂದು ಇಸಗೊಂಡು ನೋಡ್ಲಿ!"

ಸಂಜೆ ಪಟ್ಟಿಯಲ್ಲಿ ಮೊಮ್ಮಗಳು ಬರೆದಳು: 'ಚಾವಿ: ತವರುಮನಿ ಪೋರ್ತುಗಾಲ. ಈಗ ಇರೂದು ನಮ್ಮಜ್ಜಿ ನಡದಾಗ. ತಿರುಗಿ ಕಳಸೂದಿಲ್ಲ.'

೨. ಬಾಯಿ

ತಪಾಸಣೆಗೆ ತಾಲೂಕಿನ ಸಾಹೇಬರು ಬಂದರು. ಮಾತು ಮರಾಠಿ. ಕನ್ನಡ ಅವರಿಗೆ ಚಲೋ ತಿಳಿಯುತ್ತದೆ. ತಿಳಿಯುವುದಿಲ್ಲ ಅಂತ ಹೇಳುತ್ತಾರೆ, ಅಷ್ಟೇ. ಮರಾಠಿಯಲ್ಲಿ ಶಿಕ್ಷಕಿಯನ್ನು 'ಬಾಯಿ' ಅಂತ ಗೌರವದಿಂದ ಕರೆಯುವುದುಂಟು. ಸಾಹೇಬರು ಬಾಗಿಲಲ್ಲಿ ನಿಂತು ಗಟ್ಟಿಯಾಗಿ "ಬಾಯಿ!" ಎಂದರು.

ಹಿಂದಿನ ವಾರವಷ್ಟೇ ದವಾಖಾನೆಯ ಸಿಸ್ಟರು ಜಂತಿನ ಗುಳಿಗೆ ಹಾಕಲು ಬಂದು ಹೀಗೇ ಕೂಗಿದ್ದರು. ಒಂದನೆ ಇಯತ್ತೆಯ ಅಷ್ಟೂ ಮಕ್ಕಳು ಒಮ್ಮೆಲೇ ಬಾಯಿ ತೆರೆದು ಕೂತವು.

ಸಾಹೇಬರು ಗಾಬರಿಯಾಗಿ ನನ್ನ ಮುಖ ನೋಡಿದರು.

"ಏನಿಲ್ರಿ," ಎಂದೆ. "ನೀವು ಬಾಯಿ ಅಂದ್ರಿ, ತೆಗದ್ವು. ಗುಳಿಗಿ ತಂದೀರೇನ್ರಿ?"

ಗುಳಿಗೆ ತಂದಿರಲಿಲ್ಲ, ಕಾಗದ ತಂದಿದ್ದರು. ಬರುವ ಜೂನ್‌ನಿಂದ ನಮ್ಮ ಕನ್ನಡ ವರ್ಗಗಳನ್ನು ಮುಚ್ಚಿ, ಮಕ್ಕಳನ್ನು ಪಕ್ಕದ ಮರಾಠಿ ಸಾಲಿಗೆ ಸೇರಿಸಲು ನನ್ನ ಒಪ್ಪಿಗೆಯ ಸಹಿ ಬೇಕಂತೆ. "ಹೆಂಗೂ ನಿಮ್ಮ ಕನ್ನಡದಾಗ ಅರ್ಧಾ ಮರಾಠಿನ ಐತಲ್ಲ, ಬಾಯಿ," ಎಂಬುದು ಅವರು ಮರಾಠಿಯಲ್ಲಿ ಹೂಡಿದ ವಾದ.

"ವಿಚಾರ ಮಾಡತೀನ್ರಿ," ಎಂದೆ. ಅವರು ಖುಷಿಯಿಂದ ಹೋದರು. ನಮ್ಮ ಕಡೆ 'ವಿಚಾರ ಮಾಡತೀನಿ' ಎಂದರೆ 'ಆಗೂದಿಲ್ಲ' ಎಂದರ್ಥ. ಆ ಶಬ್ದ ನಮ್ಮ ಪಟ್ಟಿಯಲ್ಲಿ ಇನ್ನೂ ಬಂದಿರಲಿಲ್ಲ.

೩. ಅವಘಡ

ಇದು ಎರಡೂ ಮನೆಯಲ್ಲಿ ಇರುವ ಶಬ್ದ, ಆದರೆ ಸ್ವಭಾವ ಬೇರೆ. ಕನ್ನಡದಲ್ಲಿ ಅವಘಡ ಎಂದರೆ ಅಪಘಾತ, ಮರಾಠಿಯಲ್ಲಿ ಕಠಿಣ. ಬೋರ್ಡಿನ ಮೇಲೆ 'ರಸ್ತೆ ಅವಘಡ' ಅಂತ ಬರೆದು, ಶೇಗಾಂವ ಕಡೆಯಿಂದ ಸೈಕಲ್ ಮೇಲೆ ಬರುವ ಹುಡುಗಿಗೆ ಅರ್ಥ ಕೇಳಿದೆ.

"ರಸ್ತಾ ಭಾಳ ಕಠಿಣ ಐತ್ರಿ."

"ಅದು ಮರಾಠಿ ಅರ್ಥ. ಕನ್ನಡ ಅರ್ಥ ಎಲ್ಲೈತಿ?"

ಆಕೆ ಎದ್ದು ನಿಂತು ಲಂಗ ತುಸು ಸರಿಸಿ, ಪಟ್ಟಿ ಕಟ್ಟಿದ ಮೊಣಕಾಲು ತೋರಿಸಿದಳು. "ಕನ್ನಡ ಅರ್ಥ ಇಲ್ಲೈತ್ರಿ ಅಕ್ಕಾರ. ಮುಂಜಾನಿ ಬರೂಮುಂದ ಆತು."

೪. ತೂಪ

ಹದಿನೈದು ದಿನ ಬಿಟ್ಟು ಸಾಹೇಬರು ಅದೇ ಕಾಗದ ಹಿಡಿದು ಬಂದರು. ಅವತ್ತು ಚಾವಿ ಅಜ್ಜಿ ಸಾಲಿಗೆಲ್ಲ ಹೋಳಿಗೆ ಮಾಡಿಕೊಂಡು ಬಂದು ತಾವೇ ಬಡಿಸುತ್ತಿದ್ದರು. "ಕುಂದ್ರಿ ಸಾಹೇಬ್ರ," ಎಂದರು. ಸಾಹೇಬರು ಕೂತರು. ಕಾಗದವನ್ನು ತಾಟಿನ ಮಗ್ಗಲಿಗೇ ಇಟ್ಟುಕೊಂಡರು.

"ತಾಲೂಕಿನ ಹುಕುಂ ಐತಿ, ಬಾಯಿ. ಊಟ ಆದ ಕೂಡ್ಲೆ ಈ ಕಾಗದದ ಮ್ಯಾಲ ಸಹಿ ಮಾಡ್ರಿ," ಎಂದು ಮರಾಠಿಯಲ್ಲೇ ಹೇಳಿ ಹೋಳಿಗೆ ಮುರಿದವರು, "ತೂಪ ಆಹೇ ಕಾ?" ಅಂತ ಸುತ್ತ ನೋಡಿದರು.

ತುಪ್ಪದ ತಂಬಿಗೆ ಹಿಡಿದು ಮೊಮ್ಮಗಳು ಎದುರಿಗೇ ನಿಂತಿದ್ದಳು. ಹಾಕಲಿಲ್ಲ.

"ಸಾಹೇಬ್ರ, ನಮ್ಮ ಕನ್ನಡದಾಗ ಅರ್ಧಾ ಮರಾಠಿ ಐತಿ ಅಂದ್ರಂತ. ನಮ್ಮವ್ವನೂ ಮರಾಠಿ ಮನಿಯಾಕಿರಿ. ಹಂಗಂತ ನಮ್ಮ ಮನಿಗಿ ಕೀಲಿ ಹಾಕತೀರೇನ್ರಿ?"

ನಾನು ತಡೆಯಬೇಕಿತ್ತು. ತಡೆಯಲಿಲ್ಲ. ಆಕೆ ಬೆರಳು ಮಡಚತೊಡಗಿದಳು.

"ಸಾಹೇಬ, ತಾಲೂಕು, ಹುಕುಂ, ಸಹಿ, ಎಲ್ಲಾ ಅರಬರ ಮನಿಯವು. ಕಾಗದ ಪಾರಸಿಯವರದು. ಇವೆಲ್ಲಾ ತಮ್ಮ ತಮ್ಮ ತವರಿಗಿ ಹ್ವಾದ್ರ..."

"ಸಾಹೇಬ್ರ ಬಾಯಾಗ ಏನ ಉಳೀತು?" ಎಂದರು ಅಜ್ಜಿ.

"ತೂಪ ಒಂದ ಉಳೀತು, ಅಜ್ಜಿ. ಅದೂ ನಮ್ಮ ತುಪ್ಪದ ಮಗಳು. ಮದಿವಿ ಮಾಡಿ ಕೊಟ್ಟೀವಿ."

ಸಾಹೇಬರು ನನ್ನ ಕಡೆ ತಿರುಗಿದರು. "ಖರೇ ಕಾ, ಬಾಯಿ?"

"ಖರೇರಿ. ಮರಾಠಿಯ ತೂಪ ಕನ್ನಡದ ತುಪ್ಪದಿಂದ ಹೋದದ್ದು. ತಿಳಿದವರ ಮಾತು."

ಒಣ ಹೋಳಿಗೆಯನ್ನೊಮ್ಮೆ, ತಂಬಿಗೆಯನ್ನೊಮ್ಮೆ ನೋಡಿ, ಕನ್ನಡ ತಿಳಿಯದ ಸಾಹೇಬರು ಸ್ವಚ್ಛ ಕನ್ನಡದಲ್ಲಿ, "ತುಪ್ಪಾ ಹಾಕವ್ವ," ಎಂದರು.

ಹಾಕಿದಳು. ಎಂಥ ಧಾರಾಳ! ಹೋಳಿಗೆ ತೊಯ್ದು, ತಾಟು ತುಂಬಿ, ತುಪ್ಪ ಕಾಗದದ ಮೇಲೆ ಮೇಲಿನಿಂದ ಕೆಳತನಕ ಹರಿಯಿತು.

"ಅವಘಡ ಆತ್ರಿ," ಎಂದಳು, ಕಣ್ಣು ಕೆಳಗೆ ಹಾಕಿ.

ನಾನು ಪೆನ್ನು ತೆಗೆದೆ. ಕಾಗದದ ಮೇಲೆ ಒತ್ತಿದೆ. ಜಾರಿತು. ಇನ್ನೊಮ್ಮೆ ಒತ್ತಿದೆ. ಗೀರು ಸುದ್ಧಾ ಮೂಡಲಿಲ್ಲ.

"ತುಪ್ಪಾ ಚೆಲ್ಲಿದ್ದು ಕನ್ನಡದ ಅವಘಡ, ಸಾಹೇಬ್ರ," ಎಂದೆ. "ಇದರ ಮ್ಯಾಲ ಸಹಿ ಮಾಡೂದು ಮರಾಠಿ ಅವಘಡ."

ಸಾಹೇಬರು ಬೆರಳು ನೆಕ್ಕುತ್ತ, ಇನ್ನೊಂದು ಕಾಗದ ತರುವುದಾಗಿ ಹೇಳಿದರು. ಅಜ್ಜಿ ನಡುವಿನ ಚಾವಿ ಸರಿಮಾಡಿಕೊಂಡು ಮತ್ತೊಂದು ಹೋಳಿಗೆ ಹಾಕಿದರು.

"ತರ್ರಿ ಸಾಹೇಬ್ರ, ಎಷ್ಟ ಬೇಕಾದ್ರೂ ತರ್ರಿ. ಮನ್ಯಾಗ ಎರಡು ಎಮ್ಮಿ ಅದಾವ."